ಡಿಕ್ಕಿಯಲ್ಲಿ ಜಿರ್ರ್

ಮಾರ್ಚ್ ೩, ಸೋಮವಾರ

ಡೈರಿ ಬರೆಯಲು ಶುರು ಮಾಡಿದ್ದಕ್ಕೆ ದೊಡ್ಡ ಕಾರಣವೇನಿಲ್ಲ. ಬಾಯಿ ತೆರೆದರೆ ಸಾಕು, ಎದುರಿಗಿದ್ದವರು "ಯಾಕ್ರೀ ಕಿರುಚ್ತೀರಾ?" ಅನ್ನುತ್ತಾರೆ. ಹೆಂಡತಿ ಅನ್ನುತ್ತಾಳೆ, ಪಕ್ಕದ ಬೀಗದಂಗಡಿಯವನು ಅನ್ನುತ್ತಾನೆ, ಮೊನ್ನೆ ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂತ ಹುಡುಗಿಯೂ ಅಂದಳು. ಇವರಾದರೋ, ಬೀಗದಂಗಡಿಯವನನ್ನು ಬಿಟ್ಟರೆ ಒಬ್ಬರೂ ಬಾಯಿಬಿಟ್ಟು ಮಾತಾಡುವವರಲ್ಲ. ಈಗಿನ ಕಾಲದಲ್ಲಿ ಎಲ್ಲರ ಮಾತೂ ಗಂಟಲಲ್ಲೇ ಸಿಕ್ಕಿಕೊಂಡಿರುತ್ತದೆ. ಕಾಗದ ಮಾತ್ರ ಕಿರುಚಬೇಡ ಅನ್ನುವುದಿಲ್ಲ. ಇನ್ಶೂರೆನ್ಸಿನವರು ಕೊಟ್ಟ ಡೈರಿ ಹೇಗೂ ಖಾಲಿ ಬಿದ್ದಿತ್ತು.

ಇವತ್ತು ಒಳ್ಳೆಯ ಸುದ್ದಿ. ದೊಡ್ಡ ರಸ್ತೆಯ ಕಾರ್ ಶೋರೂಮಿನ ಮ್ಯಾನೇಜರ್ ತಾನಾಗಿ ನನ್ನ ಅಂಗಡಿಗೆ ಬಂದ. ಹೊಸ ಕಾರು, ಸೀಟಿನ ಪ್ಲಾಸ್ಟಿಕ್ ಕೂಡ ಕಿತ್ತಿಲ್ಲ. "ಡಬ್ಬದಣ್ಣ ಅಂದ್ರೆ ನೀವೇನಾ?" ಅಂತ ಕೇಳಿದ. ನಾನೇ. ಸಬ್‌ವೂಫರ್ ಅನ್ನುವ ಹೆಸರು ಜನರ ನಾಲಿಗೆಗೆ ಹತ್ತದೇ ಇದ್ದ ಕಾಲದಿಂದ ಅವರ ಕಾರಿನ ಡಿಕ್ಕಿಯಲ್ಲಿ ಆ ಡಬ್ಬ ಕೂರಿಸುತ್ತಾ ಬಂದವನು. ಅವನ ಶೋರೂಮಿನಲ್ಲಿ ಕಾರು ಕೊಳ್ಳುವವರೆಲ್ಲ, ಕಂಪನಿ ಸ್ಟೀರಿಯೋದಲ್ಲಿ ಹಾಡು ಕಿವಿಗೆ ಬರುತ್ತದೆ, ಎದೆಗೆ ಬರುವುದಿಲ್ಲ ಅಂತ ದೂರುತ್ತಾರಂತೆ. "ಮೊದಲು ನನ್ನ ಕಾರಿಗೆ ಹಾಕಿ. ನನಗೆ ಹಿಡಿಸಿದ್ರೆ ಶೋರೂಮಿನ ಅಷ್ಟೂ ಕೆಲಸ ನಿಮಗೇ. ಆದ್ರೆ ಒಂದು ಮಾತು. ಕಂಪನಿ ಸ್ಟೀರಿಯೋ ಬದಲಾಯಿಸೋ ಹಾಗಿಲ್ಲ, ಒಂದು ವೈರೂ ಕತ್ತರಿಸೋ ಹಾಗಿಲ್ಲ, ವಾರಂಟಿ ಹೋಗುತ್ತೆ" ಅಂದ.

ಮುಖ ನೋಡಿದರೆ ಸಾಕು, ಯಾರು ಎಷ್ಟು ಬಾಸ್, ಅಂದರೆ ಎದೆಗೆ ಗುದ್ದುವ ಆ ಕೆಳಗಿನ ಸದ್ದು, ಕೇಳುತ್ತಾರೆ ಅಂತ ಹೇಳುವವನು ನಾನು. ಇವನು ಹೆಚ್ಚು ಕೇಳುವವನಲ್ಲ, ಒಳ್ಳೆಯದನ್ನು ಕೇಳುವವನು. ಈಚೆಗೆ ಗಿರಾಕಿಗಳೇ ಇಲ್ಲ. ಒಮ್ಮೆ ಬಂದವರು ಮತ್ತೆ ಬರುತ್ತಿಲ್ಲ, ಯಾಕೋ ತಿಳಿಯದು. ಇದೂ ಕೈತಪ್ಪಿದರೆ ತಿಂಗಳ ಕೊನೆಗೆ ಶಟರ್ ಎಳೆಯುವುದೇ. ಅಂಗಡಿಯ ಹಿಂದಿನ ಅರ್ಧದಲ್ಲಿ ಸೀಟ್ ಕವರ್ ಹೊಲಿಯುವ ನನ್ನ ಹೆಂಡತಿಗೆ ಹೇಳಿದೆ. ಅವಳು ಏನೋ ಅಂದಳು. ಮಿಷನ್ನಿಗೆ ಹೇಳಿದಳೋ ನನಗೆ ಹೇಳಿದಳೋ, ಯಾರಿಗೆ ಗೊತ್ತು.

ಮಾರ್ಚ್ ೫, ಬುಧವಾರ

ಕೆಲಸ ಮುಗಿಯಿತು. ಇಷ್ಟು ಚೊಕ್ಕವಾಗಿ ಮಾಡಿ ಬಹಳ ದಿನವಾಗಿತ್ತು.

ಹಳೆಯ ಸ್ಟೀರಿಯೋಗಳ ಬೆನ್ನಲ್ಲಿ ಡಬ್ಬದ ವೈರಿಗೆ ಅಂತಲೇ ಸಾಕೆಟ್ ಬಿಟ್ಟಿರುತ್ತಿದ್ದರು. ಈಗಿನ ಕಂಪನಿ ಸ್ಟೀರಿಯೋಗೆ ಅದಿಲ್ಲ. ಕ್ಯಾಮೆರಾ, ಏಸಿ, ಫೋನು ಎಲ್ಲ ಒಂದೇ ಪರದೆಯಲ್ಲಿ ಕೂತಿವೆ. ಅದನ್ನು ಕಿತ್ತರೆ ಕಾರು ಅರ್ಧ ಕುರುಡಾದ ಹಾಗೆ. ಅದಕ್ಕೇ ಹಿಂದಿನ ಸ್ಪೀಕರಿಗೆ ಹೋಗುವ ವೈರಿನಿಂದಲೇ ಹಾಡನ್ನು ಮೆಲ್ಲಗೆ ಕದಿಯಬೇಕು. ನಡುವೆ ಅದನ್ನು ತಗ್ಗಿಸಿ ಕೊಡುವ ಅಂಗೈಯಷ್ಟಗಲದ ಕನ್ವರ್ಟರ್, ಅಲ್ಲಿಂದ ಸೀಟಿನ ಕೆಳಗಿನ ಆಂಪ್ಲಿಫೈಯರಿಗೆ, ಅಲ್ಲಿಂದ ಡಿಕ್ಕಿಯ ಡಬ್ಬಕ್ಕೆ. ಯಾವ ವೈರನ್ನೂ ಕತ್ತರಿಸದೆ ಕಂಪನಿ ಸಾಕೆಟ್ಟಿಗೇ ಸಾಕೆಟ್ ಸಿಕ್ಕಿಸಿದೆ. ಬ್ಯಾಟರಿಯ ವೈರು ಎಡಗಡೆಯಿಂದ, ಹಾಡಿನ ವೈರು ಬಲಗಡೆಯಿಂದ. ಒಟ್ಟಿಗೆ ಎಳೆದರೆ ಇಂಜಿನ್ನಿನ ಕೊರಗು ಹಾಡಿನೊಳಗೆ ಸೇರಿಕೊಳ್ಳುತ್ತದೆ. ಅತ್ತೆ ಸೊಸೆ ಇದ್ದ ಹಾಗೆ, ಬೇರೆ ಬೇರೆ ಇದ್ದರೇ ಮನೆ ತಣ್ಣಗೆ.

ಹೆಂಡತಿ ಡಬ್ಬಕ್ಕೆ ಡಿಕ್ಕಿಯ ಬಣ್ಣದ್ದೇ ಕಾರ್ಪೆಟ್ ಸುತ್ತಿ ಕೊಟ್ಟಳು. ಮೂಲೆಗಳು ಹುಟ್ಟಿನಿಂದಲೇ ಹಾಗಿದ್ದವೇನೋ ಅನ್ನುವಷ್ಟು ಸರಿಯಾಗಿ ಕೂತಿವೆ. ಅವಳಿಗೆ ಹೇಳಲಿಲ್ಲ. ಹೇಳಿದರೆ ಅಟ್ಟಕ್ಕೇರುತ್ತಾಳೆ.

ಆಮೇಲೆ ಕಡೇ ಹಾಡು. ಇದು ನನ್ನ ಅಂಗಡಿಯ ಪದ್ಧತಿ. ಕಾರು ಕೊಡುವ ಮುಂಚೆ ಎಲ್ಲ ಬಾಗಿಲು ಮುಚ್ಚಿ, ಹಿಂದಿನ ಸೀಟಿನಲ್ಲಿ ನಾನೊಬ್ಬನೇ ಕೂತು ಒಂದು ಪೂರಾ ಹಾಡು ಕೇಳುತ್ತೇನೆ. ಬೇರೆ ಯಾರನ್ನೂ ಒಳಗೆ ಬಿಡುವುದಿಲ್ಲ. ಇನ್ನೊಂದು ಮೈ ಒಳಗಿದ್ದರೆ ಅದು ಸದ್ದು ಕುಡಿಯುತ್ತದೆ, ಕಿವಿಗೆ ಬರುವ ಲೆಕ್ಕವೇ ತಪ್ಪುತ್ತದೆ. ಹೆಂಡತಿಯನ್ನೂ ಒಂದು ದಿನ ಕೂರಿಸಿಲ್ಲ. ಇವತ್ತು ಕೇಳಿದೆ. ಬಾಸ್ ಬೆನ್ನಿನಿಂದ ಹತ್ತಿ ಎದೆಯಲ್ಲಿ ಕೂತಿತು. ಒಂದು ಕೊಂಕಿಲ್ಲ.

ಮಾರ್ಚ್ ೮, ಶನಿವಾರ

ಮ್ಯಾನೇಜರ್ ಕಾರು ವಾಪಸ್ ತಂದ. "ಜೋರು ಮಾಡಿದ್ರೆ ಹಿಂದೆ ಏನೋ ಜಿರ್ರ್ ಅನ್ನುತ್ತೆ" ಅಂದ.

ಇಬ್ಬರೂ ಕೂತೆವು. ಹಾಡು ಹಾಕಿದೆ. ಅವನು ನನ್ನ ಮುಖ ನೋಡಿ ಹುಬ್ಬು ಹಾರಿಸಿದ, "ಅದೇ, ಈಗ ಬಂತಲ್ಲ" ಅನ್ನುವ ಹಾಗೆ. ನನಗೆ ಏನೂ ಬರಲಿಲ್ಲ. ಕಂಪನಿ ಸ್ಟೀರಿಯೋದ ಚಪ್ಪೆ ಹಾಡು ಕೇಳಿ ಬೆಳೆದ ಕಿವಿ, ನಿಜವಾದ ಬಾಸ್ ಬಂದರೆ ಹೆದರುತ್ತದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಬಾಯಿಗೆ ಬಂದದ್ದನ್ನು ನುಂಗಿಕೊಂಡು, ಸರಿ ಮಾಡುತ್ತೇನೆ ಅಂದೆ. ಅವನು ಟೀ ಕುಡಿದು ಬರುವಷ್ಟರಲ್ಲಿ ಆಂಪ್ಲಿಫೈಯರನ್ನು ಸ್ವಲ್ಪ ಏರಿಸಿದೆ. ಬಾಸ್ ತುಂಬಿ ಬಂದರೆ ಸಣ್ಣಪುಟ್ಟ ಸದ್ದೆಲ್ಲ ಅದರೊಳಗೆ ಮುಳುಗುತ್ತದೆ.

ಸಂಜೆ ಮಗಳು ಫೋನ್ ಮಾಡಿದ್ದಳು. ಮದುವೆಯಾಗಿ ಬೇರೆ ಊರಿಗೆ ಹೋದ ಮೇಲೆ ಅವಳ ಮಾತು ಬಹಳ ಅವಸರದ್ದಾಗಿದೆ. ಒಂದೂ ಬಿಡಿಸಿ ಹೇಳುವುದಿಲ್ಲ. "ಅಮ್ಮನಿಗೆ ಕೊಡ್ತೀನಿ" ಅಂದು ಕೊಟ್ಟೆ. ಅಂಗಡಿಯ ಫೋನೂ ಕೆಟ್ಟಿರಬೇಕು, ಹೊಡೆದುಕೊಳ್ಳುವುದೇ ಇಲ್ಲ, ಆಮೇಲೆ ನೋಡಿದರೆ ಹತ್ತಾರು ಸಲ ಬಂದಿರುತ್ತದೆ. ಎಲ್ಲ ವಸ್ತುಗಳೂ ಸೇರಿಕೊಂಡು ನನ್ನ ಮೇಲೆ ಸೇಡು ತೀರಿಸಿಕೊಳ್ಳುತ್ತಿವೆ. ಅಂಗಡಿಯ ಹಿಂದಿನ ಮರಕ್ಕೆ ಈ ವರ್ಷ ಹಕ್ಕಿಗಳೂ ಬಂದಿಲ್ಲ.

ಮಾರ್ಚ್ ೧೧, ಮಂಗಳವಾರ

ಮತ್ತೆ ಬಂದ. ಈ ಸಲ ನಗು ಇರಲಿಲ್ಲ.

"ಮುಂಚೆಗಿಂತ ಜಾಸ್ತಿಯಾಗಿದೆ ಯಜಮಾನ್ರೇ. ನನ್ನ ಹೆಂಡತಿ ಹಿಂದೆ ಕೂರೋದೇ ಇಲ್ಲ ಅಂತಾಳೆ. ನಿಮಗೆ ನಿಜವಾಗ್ಲೂ ಕೇಳಿಸ್ತಿಲ್ವಾ?"

"ಇಲ್ಲದೆ ಇರೋದು ಎಲ್ಲಿಂದ ಕೇಳಿಸುತ್ತೆ ಸಾರ್?" ಅಂದೆ.

ಅವನು ನನ್ನನ್ನು ಒಂದು ಥರಾ ನೋಡಿದ. ಕಾರು ಇಲ್ಲೇ ಬಿಟ್ಟು ಹೋಗಿದ್ದಾನೆ. ಮುಂದಿನ ವಾರದ ಕೊನೆಗೆ ಶೋರೂಮಿನ ದೊಡ್ಡ ಯಜಮಾನರೇ ಕೂತು ಕೇಳುತ್ತಾರಂತೆ, ಅವರು ಒಪ್ಪಿದರೆ ಉಂಟು, ಇಲ್ಲದಿದ್ದರೆ ಬೇರೆ ಅಂಗಡಿ ನೋಡಿಕೊಳ್ಳುತ್ತಾರಂತೆ. ಇದೇ ಕೊನೆ ಅಂತ ಬೆರಳೆತ್ತಿ ಹೇಳಿದ. ಬೆರಳು ಚೆನ್ನಾಗಿ ಕಾಣಿಸಿತು.

ಅವನು ಹೋದ ಮೇಲೆ ಹೆಂಡತಿ ಹೊಲಿಗೆ ಮಿಷನ್ ನಿಲ್ಲಿಸಿ ಏನೋ ಅಂದಳು. "ಗೊಣಗಬೇಡ, ಹೇಳೋದಿದ್ರೆ ಸರಿಯಾಗಿ ಹೇಳು" ಅಂದೆ. ಅವಳು ತಲೆ ಬಗ್ಗಿಸಿ ಮತ್ತೆ ಮಿಷನ್ ತುಳಿಯತೊಡಗಿದಳು.

ಮಾರ್ಚ್ ೧೩, ಗುರುವಾರ

ಕಾರನ್ನು ಬಿಚ್ಚಿ ಹರಡಿದ್ದೇನೆ. ಡಿಕ್ಕಿಯ ಪ್ಲಾಸ್ಟಿಕ್ಕು, ಸ್ಪೇರ್ ಚಕ್ರ, ಜಾಕು, ಹಿಂದಿನ ಗಾಜಿನ ಕೆಳಗಿನ ಹಲಗೆ, ಎಲ್ಲ ನೆಲದ ಮೇಲೆ. ಕಂಡ ಕಂಡ ಸಂದಿಗೆ ಫೋಮ್ ತುರುಕಿದೆ. ಜಿರ್ರ್ ಅನ್ನುವುದು ಎಲ್ಲಿದೆ ಅಂತ ಗೊತ್ತಿದ್ದರೆ ಒಂದು ಬೆರಳಗಲದ ಫೋಮ್ ಸಾಕು. ಗೊತ್ತಿಲ್ಲದವನಿಗೆ ಹಾಸಿಗೆಯಷ್ಟಿದ್ದರೂ ಸಾಲದು.

ಮತ್ತೆ ಜೋಡಿಸಿ ಹಾಡು ಹಾಕಿದೆ. ಬೀಗದಂಗಡಿಯವನು ಟೀ ಲೋಟ ಹಿಡಿದುಕೊಂಡು ಬಂದು ಡಿಕ್ಕಿಯ ಹತ್ತಿರ ನಿಂತ. "ಏನಣ್ಣಾ, ಈ ಕಾರಿನ ಹಿಂದೆ ಜೇನು ಗೂಡು ಕಟ್ಟಿದೆಯಾ?" ಅಂದ. ಅವನ ಗಂಟಲು ದೊಡ್ಡದು, ಅವನ ಮಾತೊಂದು ಮಾತ್ರ ನನಗೆ ಯಾವಾಗಲೂ ತಲುಪುತ್ತದೆ.

"ಹೂಂ, ಅದನ್ನೇ ನೋಡ್ತಿದ್ದೀನಿ" ಅಂದೆ, ನಗುತ್ತಾ.

ನಕ್ಕೆ ನಿಜ. ಅವನು ಹೋದ ಮೇಲೆ ಡಿಕ್ಕಿಗೆ ಕಿವಿ ಹಚ್ಚಿ ನೋಡಿದೆ, ಏನಿಲ್ಲ. ಮ್ಯಾನೇಜರ್ ಸುಳ್ಳು ಹೇಳಬಹುದು. ಇವನಿಗೇನು ಬಂದಿದೆ ಸುಳ್ಳು ಹೇಳಲು? ಇವನಿಗೆ ಶೋರೂಮಿಲ್ಲ, ಕಾರಿಲ್ಲ. ಇರುವುದು ಕಿವಿ ಮಾತ್ರ.

ಮಾರ್ಚ್ ೧೪, ಶುಕ್ರವಾರ

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯುತ್ತೇನೆ, ಬೇರೆ ಯಾರಿಗೆ ಹೇಳಲಿ.

ಸ್ಪೀಕರ್ ಪರೀಕ್ಷೆ ಮಾಡಲು ನನ್ನ ಹತ್ತಿರ ಒಂದು ಡಿಸ್ಕ್ ಇದೆ. ಅದರಲ್ಲಿ ಹಾಡಿಲ್ಲ. ಬರೀ ಒಂದು ಸದ್ದು, ಕೆಳಗಿನ ಗುಡುಗಿನಿಂದ ಶುರುವಾಗಿ ಮೆಲ್ಲಗೆ ಮೇಲೆ ಮೇಲೆ ಹೋಗಿ ಸೂಜಿಯಷ್ಟು ಸಣ್ಣಗಾಗುತ್ತದೆ. ಸದ್ದು ಎಲ್ಲಿಗೆ ಬಂದಿದೆ ಅಂತ ಪರದೆಯ ಮೇಲೆ ಅಂಕಿ ಓಡುತ್ತಿರುತ್ತದೆ. ಮೇಜಿನ ಮೇಲಿನ ದೊಡ್ಡ ಸ್ಪೀಕರಿಗೆ ಹಾಕಿದೆ. ಗುಡುಗು ಬಂತು, ಎದೆ ತುಂಬ ಬಂತು. ಏರಿತು. ಗಂಟಲಿನ ಹಾಗೆ, ಕೊಳಲಿನ ಹಾಗೆ. ಆಮೇಲೆ ನಿಂತುಹೋಯಿತು. ಡಿಸ್ಕ್ ಹಾಳಾಗಿದೆ ಅಂದುಕೊಂಡು ಪರದೆ ನೋಡಿದರೆ ಅಂಕಿ ಇನ್ನೂ ಓಡುತ್ತಿದೆ. ವಾಲ್ಯೂಮ್ ಏರಿಸಿದೆ. ಏನಿಲ್ಲ. ಪೂರ್ತಿ ಏರಿಸಿದೆ. ಏನಿಲ್ಲ.

ಹಿಂದೆ ತಿರುಗಿದೆ. ಹೆಂಡತಿ ಹೊಲಿಯುತ್ತಿದ್ದ ಕವರನ್ನು ನೆಲಕ್ಕೆ ಬಿಟ್ಟು ಎರಡೂ ಕಿವಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು ಕೂತಿದ್ದಳು. ಕಣ್ಣು ಕಿವುಚಿಕೊಂಡಿದ್ದಳು.

ಆಫ್ ಮಾಡಿದೆ. ಅವಳು ಕೈ ಕೆಳಗಿಳಿಸಿದಳು. ಅದನ್ನು ನೋಡಿಯೇ ಆಫ್ ಆಯಿತು ಅಂತ ನನಗೆ ಗೊತ್ತಾದದ್ದು.

ಮಾರ್ಚ್ ೧೫, ಶನಿವಾರ

ಅಂಗಡಿ ತೆಗೆಯಲಿಲ್ಲ. ಮೈ ಸರಿಯಿಲ್ಲ ಅಂದೆ.

ಮಾರ್ಚ್ ೧೭, ಸೋಮವಾರ

ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋದೆ. ಬ್ಯಾಟರಿ ತರುತ್ತೇನೆ ಅಂತ ಮನೆಯಲ್ಲಿ ಸುಳ್ಳು ಹೇಳಿದೆ.

ಅಲಮಾರಿಯಷ್ಟು ಸಣ್ಣ ಕೋಣೆ, ನಾಲ್ಕೂ ಕಡೆ ಫೋಮು. ನಮ್ಮ ಡಬ್ಬದ ಒಳಗೆ ನಾನೇ ಹೋಗಿ ಕೂತ ಹಾಗಿತ್ತು. ಕಿವಿಗೆ ಹೆಡ್‌ಫೋನ್ ಹಾಕಿ ಕೈಗೆ ಒಂದು ಗುಂಡಿ ಕೊಟ್ಟರು. ಸದ್ದು ಬಂದಾಗಲೆಲ್ಲ ಒತ್ತಬೇಕು. ಗಾಜಿನ ಆಚೆ ಡಾಕ್ಟರಮ್ಮ. ಮೊದಮೊದಲು ಸಲೀಸಾಗಿ ಒತ್ತಿದೆ. ಆಮೇಲೆ ಸದ್ದೇ ಇಲ್ಲ. ಅವರ ಭುಜ ಅಲ್ಲಾಡಿದಾಗಲೆಲ್ಲ ಏನೋ ತಿರುಗಿಸುತ್ತಿದ್ದಾರೆ ಅಂತ ಊಹಿಸಿ ಒತ್ತತೊಡಗಿದೆ. ಈ ವಯಸ್ಸಿನಲ್ಲಿ ಪರೀಕ್ಷೆಯಲ್ಲಿ ಕಾಪಿ ಹೊಡೆದೆ.

ಸ್ವಲ್ಪ ಹೊತ್ತಿಗೆ ಬಾಗಿಲು ತೆಗೆದು ಬಂದರು. ನನ್ನ ಎದುರಿಗೇ ನಿಂತು ಬಾಯಿ ಅಗಲ ಮಾಡಿ ಹೇಳಿದರು. "ಯಜಮಾನ್ರೇ, ನಾನು ಆಗ್ಲೇ ಮಿಷನ್ ನಿಲ್ಲಿಸಿ ಬರ್ಕೊಳ್ತಾ ಇದ್ದೆ. ನೀವು ಇನ್ನೂ ಒತ್ತುತ್ತಾನೇ ಇದ್ದೀರಿ."

ನಾಚಿಕೆಯಿಂದ ಸತ್ತೇ ಹೋದೆ.

ಅವರು ಬೈಯಲಿಲ್ಲ. ಏನು ಕೆಲಸ ಅಂತ ಕೇಳಿದರು, ಹೇಳಿದೆ. ಮುಚ್ಚಿದ ಕಾರಿನೊಳಗೆ ಕೂತು ಎಷ್ಟು ವರ್ಷದಿಂದ ಹೀಗೆ ಕೇಳುತ್ತಿದ್ದೀರಿ ಅಂದರು. ಅಂಗಡಿ ಹಾಕಿದಾಗಿನಿಂದ ಅಂದೆ. ಮೇಲಿನ ಸದ್ದುಗಳು ಹೋಗಿವೆ, ವಾಪಸ್ ಬರುವುದಿಲ್ಲ. ಕೆಳಗಿನವು ಉಳಿದಿವೆ. ಕಿವಿಗೆ ಮಿಷನ್ ಹಾಕಿಕೊಂಡರೆ ಜನರ ಮಾತಿಗೆ ಅನುಕೂಲ, ಆದರೆ ನಿಮ್ಮ ಕೆಲಸಕ್ಕೆ ಬೇಕಾದ ಕಿವಿ ಅದರಿಂದ ಬರುವುದಿಲ್ಲ. ಇನ್ನು ಮುಂದೆ ಜೋರು ಹಾಕಿಕೊಂಡು ಕಾರಿನೊಳಗೆ ಕೂರಬೇಡಿ, ಉಳಿದದ್ದೂ ಹೋಗುತ್ತದೆ ಅಂದರು.

ಕೂರಬೇಡಿ ಅಂದರೆ? ಮೀನಿಗೆ ನೀರಿಗಿಳಿಯಬೇಡ ಅಂದ ಹಾಗಾಯಿತು. ನನಗೆ ಬೇರೇನು ಬರುತ್ತದೆ? ಇಷ್ಟು ದಿನ ನಾನು ಒಪ್ಪಿ ಕೊಟ್ಟ ಕಾರುಗಳೆಲ್ಲ ಜಿರ್ರ್ ಅನ್ನುತ್ತಾ ಊರೆಲ್ಲ ತಿರುಗುತ್ತಿವೆ. ಹೋದ ಗಿರಾಕಿಗಳು ಯಾಕೆ ಮತ್ತೆ ಬರಲಿಲ್ಲ ಅಂತ ಈಗ ತಿಳಿಯಿತು. ಕೋಣ ಯಾರು ಅಂತಲೂ ತಿಳಿಯಿತು. ರಸ್ತೆಯಲ್ಲಿ ನಡೆದುಕೊಂಡು ಬರುವಾಗ ಅಳು ಬಂತು. ಅತ್ತೆ. ನನ್ನ ಅಳು ಮಾತ್ರ ಚೆನ್ನಾಗಿ ಕೇಳಿಸಿತು, ಅದು ಕೆಳಗಿನ ಸದ್ದು.

ಮಾರ್ಚ್ ೧೮, ಮಂಗಳವಾರ

ಬೆಳಿಗ್ಗೆ ಶಟರ್ ಎತ್ತಿ, ಮ್ಯಾನೇಜರನ ಕಾರಿನ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಸುಮ್ಮನೆ ಕೂತಿದ್ದೆ. ಹೆಂಡತಿ ಬಂದು ಎದುರಿಗೆ ಕೂತಳು. ಡಾಕ್ಟರಮ್ಮ ಕೂತ ಹಾಗೇ, ಮುಖಕ್ಕೆ ಮುಖ ಕೊಟ್ಟು.

"ಬ್ಯಾಟರಿ ಎಲ್ಲಿ?" ಅಂದಳು.

ಹೇಳಿಬಿಟ್ಟೆ. ಎಲ್ಲಾ ಹೇಳಿದೆ. ಗುಂಡಿ ಒತ್ತಿದ್ದನ್ನೂ ಹೇಳಿದೆ. ಅವಳು ಹೌಹಾರುತ್ತಾಳೆ ಅಂದುಕೊಂಡಿದ್ದೆ, ಹಾಗೇನೂ ಆಗಲಿಲ್ಲ.

"ಗೊತ್ತಿತ್ತು ರೀ" ಅಂದಳು.

"ಗೊತ್ತಿದ್ದೂ ಸುಮ್ಮನಿದ್ದೆಯಾ? ಒಂದು ಮಾತು ಹೇಳೋದಕ್ಕೇನಾಗಿತ್ತು?"

"ಹೇಳಿದ್ದೆ. ಹೋದ ವರ್ಷದಿಂದ ಹೇಳ್ತಾನೇ ಇದ್ದೀನಿ. ಹೇಳಿದಾಗಲೆಲ್ಲ ಗೊಣಗಬೇಡ ಅಂದ್ರಿ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾರೆ. ಇಂದು ಒದೆ ತಿಂದದ್ದು ಹೇಳಿದವಳಲ್ಲ, ಕೇಳಿದ ನಾನು. ಅವಳು ಇನ್ನೂ ಒಂದು ಹೇಳಿದಳು. ಮಗಳು ಅತ್ತಿದ್ದಳಂತೆ. ಅಪ್ಪನಿಗೆ ನನ್ನ ಮೇಲೆ ಏನೋ ಕೋಪ, ಫೋನ್ ಮಾಡಿದ ಕೂಡಲೇ ನಿನ್ನ ಕೈಗೆ ದಾಟಿಸುತ್ತಾರೆ ಅಂತ. ನನಗೆ ಮಗಳ ಮೇಲೆ ಕೋಪವೇ? ಅವಳ ಮಾತು ಸಣ್ಣ ದನಿಯದು, ಹುಟ್ಟಿದಾಗಿನಿಂದ ಸಣ್ಣದು. ಮೊದಲು ಹೋದದ್ದು ಅದೇ.

ಶೋರೂಮಿಗೆ ಫೋನ್ ಮಾಡಿ ಕಾರು ತಗೊಂಡು ಹೋಗಿ ಅಂತ ಹೇಳಿಬಿಡುತ್ತೇನೆ, ಅಂಗಡಿ ಮುಚ್ಚೋಣ ಅಂದೆ. ಅವಳು ಎದ್ದು ಹೋಗಿ ಕಾರಿನ ಹಿಂದಿನ ಬಾಗಿಲು ತೆಗೆದು ಒಳಗೆ ಕೂತಳು.

"ಏ, ಕಡೇ ಹಾಡಿಗೆ ಯಾರೂ ಕೂರೋ ಹಾಗಿಲ್ಲ" ಅಂದೆ. ಬಾಯಿಂದ ತಾನಾಗಿ ಬಂತು.

"ಹಾಗಾದ್ರೆ ನೀವು ಹೊರಗಿರಿ" ಅಂದಳು.

ಮಾರ್ಚ್ ೧೯, ಬುಧವಾರ

ಇಡೀ ದಿನ ಜಿರ್ರ್ ಹುಡುಕಾಟ. ಬೇರೆ ಕೆಲಸವೇನೂ ಇರಲಿಲ್ಲ, ಇದ್ದಿದ್ದರೂ ಮಾಡುತ್ತಿರಲಿಲ್ಲ.

ಅವಳು ಒಳಗೆ ಕಣ್ಣು ಮುಚ್ಚಿ ಕೂರುತ್ತಾಳೆ. ನಾನು ಹೊರಗಿನಿಂದ, ಡಿಕ್ಕಿಯಿಂದ, ಒಂದೊಂದೇ ಜಾಗವನ್ನು ಅಂಗೈಯಿಂದ ಒತ್ತಿ ಹಿಡಿಯುತ್ತೇನೆ. "ಇಲ್ಲ. ಇಲ್ಲ. ಇನ್ನೂ ಇದೆ. ಬಲಗಡೆ ರೀ, ಬಲಗಡೆ! ಊಟ ಮಾಡೋ ಕೈ ಯಾವುದು?" ಮುಚ್ಚಿದ ಗಾಜಿನೊಳಗಿಂದ, ಬಾಸಿನ ಮೇಲೆ ನನಗೆ ತಲುಪಬೇಕಾದರೆ ಅವಳು ಕೂಗಲೇಬೇಕು. ಮದುವೆಯಾದಾಗಿನಿಂದ ಇವಳು ನನ್ನ ಮೇಲೆ ಇಷ್ಟು ಕೂಗಿದ್ದೇ ಇಲ್ಲ. ಒಂದೊಂದು ಮಾತೂ ತಲುಪಿತು. ಬೀಗದಂಗಡಿಯವನು ಜಗಳ ಬಿಡಿಸಲು ಓಡಿಬಂದ.

ಮೊದಲು ಸಿಕ್ಕಿದ್ದು ನಂಬರ್ ಪ್ಲೇಟು. ಕೈ ಇಟ್ಟ ಕೂಡಲೇ ಅವಳು "ಅದೇ!" ಅಂದಳು. ಹಿಂದೆ ಫೋಮ್ ಪಟ್ಟಿ ಅಂಟಿಸಿದೆ. ಆಮೇಲೆ ಗಾಜಿನ ಹತ್ತಿರದ ಬ್ರೇಕ್ ಲೈಟಿನ ಮುಚ್ಚಳ. ಆಮೇಲೆ ಹಲಗೆಯ ಕೆಳಗಿನ ಒಂದು ಕ್ಲಿಪ್ಪು, ಅದನ್ನು ಮೊನ್ನೆ ಬಿಚ್ಚಿ ಹಾಕುವಾಗ ನಾನೇ ಮುರಿದಿದ್ದೆ. ಒಂದು ಸದ್ದು ಹೋದರೆ ಅದರ ಹಿಂದೆ ಅಡಗಿದ್ದ ಇನ್ನೊಂದು ಅವಳಿಗೆ ಕಾಣುತ್ತಿತ್ತು. ಕಾಣುತ್ತಿತ್ತು ಅಂತಲೇ ಬರೆಯುತ್ತೇನೆ. ಕಣ್ಣು ಮುಚ್ಚಿದ ಆ ಮುಖ ನೋಡಿದರೆ ಹಾಗೇ ಅನ್ನಿಸುತ್ತಿತ್ತು. ಆಂಪ್ಲಿಫೈಯರನ್ನು ನಾನು ಏರಿಸಿದ್ದು ತಪ್ಪು, ಹಾಡುವವನ ದನಿ ಬಾಸಿನ ಕೆಳಗೆ ಸಿಕ್ಕಿ ಒದ್ದಾಡುತ್ತಿದೆ ಅಂದಳು. ಅವಳು ಸಾಕು ಅನ್ನುವವರೆಗೆ ಇಳಿಸಿದೆ. ಇದಕ್ಕೂ ಮುಂಚೆ ಯಾರ ಮಾತಿಗೂ ನಾನು ಆಂಪ್ಲಿಫೈಯರಿನ ತಿರುಪಿಗೆ ಕೈ ಹಾಕಿದವನಲ್ಲ.

ಮಧ್ಯದಲ್ಲಿ ಮಗಳ ಫೋನು ಬಂತು. ಇವಳು ಎತ್ತಿ, ಅವಳು ಹೇಳಿದ್ದನ್ನೆಲ್ಲ ನನ್ನ ಮುಖಕ್ಕೆ ಹೇಳಿದಳು. ನಾನು ಉತ್ತರ ಕೊಟ್ಟೆ. ಅಪ್ಪನಿಗೆ ಕೋಪವಲ್ಲ, ಕಿವಿ ಹೋಗಿದೆ ಅಂತ ನಾನೇ ಹೇಳಿದೆ. ಇವಳು ಫೋನನ್ನು ಕಿವಿಗೆ ಒತ್ತಿಕೊಂಡಳು. ಆಮೇಲೆ, "ಅಳ್ತಿದ್ದಾಳೆ" ಅಂದಳು. ಆಮೇಲೆ, "ಈಗ ನಗ್ತಿದ್ದಾಳೆ. ಇನ್ನು ಮೇಲೆ ಅಪ್ಪನ ಮೇಲೆ ನಾನೂ ಕಿರುಚಬಹುದಲ್ಲಾ ಅಂತಿದ್ದಾಳೆ."

ಮಾರ್ಚ್ ೨೦, ಗುರುವಾರ

ನಾಳೆ ಶೋರೂಮು.

ಒಂದು ಉಪಾಯ ಮಾಡಿದ್ದೇನೆ. ಡಬ್ಬದ ಕಾರ್ಪೆಟ್ ಕೆಲಸ ತೋರಿಸುವ ನೆಪದಲ್ಲಿ ಹೆಂಡತಿಯೂ ಬರುತ್ತಾಳೆ, ಹಿಂದೆ ಕೂರುತ್ತಾಳೆ. ಏನಾದರೂ ಸದ್ದು ಬಂದರೆ ಬಲಗೈಯಿಂದ ಸೆರಗು ಸರಿಮಾಡಿಕೊಳ್ಳಬೇಕು. ನಾನು ಕನ್ನಡಿಯಲ್ಲಿ ನೋಡಿಕೊಂಡು ಹಾಡು ಇಳಿಸುತ್ತೇನೆ. ಯಾರಿಗೂ ತಿಳಿಯುವುದಿಲ್ಲ. ಕಿವಿ ಕೇಳದವನಿಗೆ ಯಾರು ಹಾಡಿನ ಕೆಲಸ ಕೊಡುತ್ತಾರೆ? ಕುರುಡನಿಗೆ ಕಾರು ಓಡಿಸಲು ಕೊಟ್ಟ ಹಾಗೆ. ತಿಳಿದ ದಿನ ನಮ್ಮ ಅಂಗಡಿ ಮುಚ್ಚಿದ ಹಾಗೇ.

ಇವಳಿಗೆ ಹೇಳಿದೆ. "ಆಗಲಿ" ಅಂದಳು, ಆದರೆ ಮುಖ ನೋಡಲಿಲ್ಲ. ಮುಖ ನೋಡದೆ ಹೇಳಿದ್ದೂ ಇವತ್ತು ನನಗೆ ಅರ್ಥವಾಯಿತು.

ಮಾರ್ಚ್ ೨೧, ಶುಕ್ರವಾರ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಶೋರೂಮಿನ ಹಿಂದಿನ ಅಂಗಳದಲ್ಲಿ ಕಾರು ನಿಲ್ಲಿಸಿದೆವು. ದೊಡ್ಡ ಯಜಮಾನರು ವಯಸ್ಸಾದವರು, ಇಸ್ತ್ರಿ ಮಾಡಿದ ಅಂಗಿ, ನಿಧಾನದ ನಡಿಗೆ. ಅವರು ಹಿಂದಿನ ಸೀಟಿನಲ್ಲಿ ಇವಳ ಪಕ್ಕ ಕೂತರು. ಮ್ಯಾನೇಜರ್ ನನ್ನ ಪಕ್ಕ. ಹಾಡು ಹಾಕಿದೆ. ಬಾಸ್ ಬಂತು. ಹದವಾಗಿ, ನೆಲದೊಳಗಿನಿಂದ ಬಂದ ಹಾಗೆ. ಕನ್ನಡಿಯಲ್ಲಿ ಇವಳನ್ನು ನೋಡಿದೆ. ಕೈ ಮಡಿಲಲ್ಲಿತ್ತು.

ವಾಲ್ಯೂಮ್ ಏರಿಸಿದೆ. ಮ್ಯಾನೇಜರ್ ತಲೆದೂಗಿದ. ಇನ್ನೂ ಏರಿಸಿದೆ. ಇವಳ ಹುಬ್ಬು ಒಮ್ಮೆ ಗಂಟಾಯಿತು. ಕೈ ಮಾತ್ರ ಅಲ್ಲಾಡಲಿಲ್ಲ. ಮರೆತಳೋ? ಇದೆಯೋ, ಇಲ್ಲವೋ? ಕನ್ನಡಿಯಲ್ಲೇ ಕಣ್ಣಿನಿಂದ ಕೇಳಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು. ಅಷ್ಟರಲ್ಲಿ ದೊಡ್ಡ ಯಜಮಾನರ ತುಟಿ ಅಲುಗಿತು. ನನ್ನನ್ನೇ ಏನೋ ಕೇಳುತ್ತಿದ್ದರು. ಹಿಂದಿನಿಂದ, ಹಾಡಿನ ನಡುವೆ, ಮುದುಕರ ಮೆಲು ದನಿ. ಮತ್ತೆ ಕೇಳಿದರು. ಮ್ಯಾನೇಜರ್ ನನ್ನ ಕಡೆ ತಿರುಗಿದ. ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು, ನನಗೆ ಪ್ರಶ್ನೆಯೇ ಗೊತ್ತಿಲ್ಲ.

ಹೂಂ ಅಂದುಬಿಡಬಹುದಿತ್ತು. ಎಷ್ಟು ಸಲ ಅಂದಿಲ್ಲ. ಯಾಕೋ ಆ ಹೂಂ ಬಾಯಿಗೆ ಬರಲಿಲ್ಲ. ಹಾಡು ನಿಲ್ಲಿಸಿದೆ.

"ಸಾರ್, ನೀವು ಕೇಳಿದ್ದು ನನಗೆ ಕೇಳಿಸಲಿಲ್ಲ. ಜಿರ್ರ್ ಅನ್ನೋದೂ ಕೇಳಿಸಲ್ಲ. ನನ್ನ ಕಿವಿ ಹೋಗಿದೆ. ವೈರು ಎಳೆದದ್ದು, ಡಬ್ಬ ಕೂರಿಸಿದ್ದು ನಾನು. ಕೇಳಿ ಸರಿ ಮಾಡಿಸಿದ್ದು ಇವಳು. ಕೇಳೋದಿದ್ರೆ ಇವಳನ್ನೇ ಕೇಳಿ."

ಕಿರುಚಿದೆನೋ ಏನೋ. ಅಂಗಳದಲ್ಲಿ ಕಾರು ತೊಳೆಯುತ್ತಿದ್ದವರು ತಿರುಗಿ ನೋಡಿದರು.

ಯಜಮಾನರು ಇವಳ ಕಡೆ ತಿರುಗಿದರು. ನಾನೂ ಪೂರ್ತಿ ತಿರುಗಿ ಇಬ್ಬರ ತುಟಿಗಳನ್ನು ನೋಡುತ್ತಿದ್ದೆ. "ಏನಮ್ಮಾ, ಸರಿ ಇದೆಯಾ?" ಅಂದರು. ಇಷ್ಟೇ. ಸರಿ ಇದೆ ಅಂದರೆ ಸಾಕಿತ್ತು. ಮ್ಯಾನೇಜರ್ ಆಗಲೇ ಒಪ್ಪಿಯಾಗಿತ್ತು.

"ಇಲ್ಲ ಸಾರ್" ಅಂದಳು ನನ್ನ ಹೆಂಡತಿ. ನನಗೂ ಕೇಳಲಿ ಅಂತ ಗಟ್ಟಿಯಾಗೇ ಅಂದಳು. "ನಿನ್ನೆ ಇರಲಿಲ್ಲ. ಇವತ್ತು ನನ್ನ ಬದಿಯ ಬಾಗಿಲಲ್ಲಿ ಒಂದಿದೆ. ತುಂಬ ಸಣ್ಣದು. ನೀವು ಇಲ್ಲ ಅಂದ್ಕೋಬಹುದು. ದಿನಾ ಇಲ್ಲಿ ಕೂರೋರಿಗೆ ತಲೆನೋವಾಗುತ್ತೆ."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂದುಕೊಂಡೆ. ಇವಳ ಮೇಲೆ ಬೆಂಕಿಯಂಥ ಸಿಟ್ಟು ಬಂತು. ಸೆರಗು ಮುಟ್ಟು ಅಂದರೆ ಮುಟ್ಟದವಳು, ಬಾಯಿ ಮುಚ್ಚು ಅನ್ನುವ ಕಡೆ ತೆರೆದಳು.

ಮ್ಯಾನೇಜರ್, "ನನಗೇನೂ ಕೇಳಿಸಲಿಲ್ಲವಲ್ಲ" ಅಂದ. ಯಜಮಾನರು ಮತ್ತೆ ಹಾಡು ಹಾಕಿಸಿ ಇವಳ ಬದಿಯ ಬಾಗಿಲಿನ ಮೇಲೆ ಬಾಗಿ ಕೂತರು. ಬಹಳ ಹೊತ್ತಾಯಿತು. ಆಮೇಲೆ ಅವರ ಮುಖ ಅರಳಿತು, ಅಡಗಿದ್ದ ಮಗು ಸಿಕ್ಕಿದಾಗ ಅಜ್ಜಂದಿರ ಮುಖ ಅರಳುವ ಹಾಗೆ. "ಹೌದಲ್ಲಾ!" ಅಂದರು. ನನ್ನ ಭುಜ ತಟ್ಟಿ, ನನ್ನ ಕಡೆ ಮುಖ ಮಾಡಿ, ನಿಧಾನವಾಗಿ ಹೇಳಿದರು. "ಕಾರುಗಳನ್ನ ಕಳಿಸ್ತೀನಿ. ಆದ್ರೆ ನೀವು ಸರಿ ಅಂದ ಮಾತ್ರಕ್ಕೆ ನಾನು ಕಾರು ವಾಪಸ್ ತಗೊಳ್ಳೋದಿಲ್ಲ. ಈ ಅಮ್ಮ ಸರಿ ಅನ್ನಬೇಕು."

ಸಂತೋಷವಾಯಿತು. ಬೇಜಾರೂ ಆಯಿತು, ಸುಳ್ಳು ಯಾಕೆ ಬರೆಯಲಿ. ಇಷ್ಟು ವರ್ಷ ಆ ಮಾತು ನನ್ನದಾಗಿತ್ತು.

ಬಾಗಿಲಿನ ಪ್ಯಾನೆಲ್ಲನ್ನು ಅಲ್ಲೇ ಅಂಗಳದಲ್ಲಿ ಬಿಚ್ಚಿದೆ. ಒಳಗೆ ಬೀಗಕ್ಕೆ ಹೋಗುವ ಒಂದು ಸಣ್ಣ ಸರಳು ಲೋಹಕ್ಕೆ ತಾಗುತ್ತಿತ್ತು. ಬಟ್ಟೆ ಟೇಪ್ ಸುತ್ತಿದೆ. ಇವಳು ಒಳಗೆ ಕೂತು ಹಾಡು ಹಾಕಿದಳು. ನಾನು ಬಾಗಿಲಿನ ಪಕ್ಕ ಮೊಣಕಾಲೂರಿ, ಕೈ ಒಳಗಿಟ್ಟುಕೊಂಡು ಅವಳ ಮುಖ ನೋಡುತ್ತಿದ್ದೆ. "ಇನ್ನೂ ಇದೆ" ಅಂದಳು. ಇನ್ನೊಂದು ಸುತ್ತು ಸುತ್ತಿದೆ. "ಇನ್ನೂ ಸ್ವಲ್ಪ." ಮತ್ತೊಂದು. ಆಗ ಅವಳ ಹಣೆಯ ಗಂಟು ಬಿಚ್ಚಿತು. ಆ ಸದ್ದು ಇದ್ದಾಗಲೂ ನನಗೆ ಕೇಳಿಸಿರಲಿಲ್ಲ, ಹೋದಾಗಲೂ ಕೇಳಿಸಲಿಲ್ಲ. ಅದು ಹೋಯಿತು ಅಂತ ಮಾತ್ರ ನನಗೆ ಚೆನ್ನಾಗಿ ಗೊತ್ತಾಯಿತು.

ಪ್ಯಾನೆಲ್ ಹಾಕಿ ಸ್ಕ್ರೂ ಬಿಗಿ ಮಾಡಿದೆ. ಅವಳು ಹಾಡು ಮುಗಿಯುವವರೆಗೂ ಕೂತಿದ್ದಳು. ನಾನು ಹೊರಗೆ ಕಾದೆ.